ಮಾಡರೇಟ್ ದಾರಿ

ಮೆಸೇಜಿನಲ್ಲಿ ತಪ್ಪು ಹುಡುಕುವಂಥದ್ದು ಏನೂ ಇರಲಿಲ್ಲ. ಚಲಪತಿಗೆ ಅನುಮಾನ ಬಂದದ್ದೇ ಅದರಿಂದ. ಸೋಂಪುರದ ಪ್ಲಾಸ್ಟಿಕ್ ಡಬ್ಬದ ಫ್ಯಾಕ್ಟರಿಯ ಸ್ಟೋರಿನಲ್ಲಿ ಕೂತು, ಬೆಳಗಿನ ಲೋಡಿನ ಚಲನ್‌ಗಳಿಗೆ ಸೀಲು ಒತ್ತುತ್ತ, ಅವನು ಅದನ್ನು ಐದನೇ ಸಲ ಓದಿದ. ‘ನಮಸ್ತೆ ಅಂಕಲ್. ಈ ಭಾನುವಾರ ಎರಡೂ ಮನೆಯವರು ಸೇರಿ ಕರಡಿಗುಡ್ಡದ ಫಾಲ್ಸಿಗೆ ಹೋಗೋಣ ಅಂತ ಪ್ಲಾನ್. ಬೆಳಿಗ್ಗೆ ಆರೂವರೆಗೆ ದೊಡ್ಡಬಳ್ಳಾಪುರದಲ್ಲಿ ಸೇರೋಣ. ಕಾರು ನಿಲ್ಲಿಸಿದ ಮೇಲೆ ಮೂರು ಕಿಲೋಮೀಟರ್ ನಡಿಗೆ, ಮಾಡರೇಟ್. ನೀರು, ಟೋಪಿ, ಜಾರದ ಶೂ ತನ್ನಿ. ತಿಂಡಿ ಅಮ್ಮ ಮಾಡ್ತಾರೆ.’ ಕಳಿಸಿದವನು ಮನೋಹರ, ಕುಂದಾಣದ ದೊಡ್ಡಮುನಿಯಪ್ಪನವರ ಮಗ, ಏರ್‌ಪೋರ್ಟಿನ ಕಾರ್ಗೋದಲ್ಲಿ ಕೆಲಸ, ಒಂದೂವರೆ ತಿಂಗಳ ಹಿಂದೆ ಅಪ್ಪ ಅಮ್ಮನ ಜೊತೆ ನೆಲಮಂಗಲಕ್ಕೆ ಬಂದು ಚಲಪತಿಯ ಮಗಳು ನವ್ಯಶ್ರೀಯನ್ನು ನೋಡಿಕೊಂಡು ಹೋದ ಹುಡುಗ. ನೋಡಿದ್ದಾಯಿತು, ಒಪ್ಪಿಗೆ ಅಂತ ಫೋನೂ ಬಂತು. ಇನ್ನು ಇವರು ಹೋಗಿ ಅವರ ಮನೆ ನೋಡಬೇಕು, ಆಮೇಲೆ ತಾಂಬೂಲ ಬದಲಾಯಿಸಬೇಕು. ಲೋಕದಲ್ಲಿ ನಡೆಯುವುದು ಹೀಗೆ. ಮನೆ ನೋಡಲು ಬನ್ನಿ ಅನ್ನಬೇಕಾದವರು ಗುಡ್ಡ ಹತ್ತಲು ಬನ್ನಿ ಅನ್ನುತ್ತಿದ್ದಾರೆ. ಬೇರೆ ಯಾವ ಹುಡುಗಿಯ ಅಪ್ಪನಾಗಿದ್ದರೂ ಹೆಬ್ಬೆರಳಿನ ಚಿತ್ರ ಒಂದನ್ನು ಕಳಿಸಿ ಸುಮ್ಮನಾಗುತ್ತಿದ್ದ.

ನವ್ಯಳ ಬಲಗಾಲಿನಲ್ಲಿ, ಮೊಣಕಾಲಿನಿಂದ ಒಂದು ಗೇಣು ಕೆಳಗೆ, ಒಂದು ಸ್ಟೀಲ್ ಪ್ಲೇಟು, ಏಳು ಸ್ಕ್ರೂ ಇವೆ. ಸಮ ನೆಲದಲ್ಲಿ ಹತ್ತು ಹೆಜ್ಜೆ ನಡೆದರೆ ಗೊತ್ತಾಗುವುದಿಲ್ಲ, ಹನ್ನೊಂದನೆಯದಕ್ಕೆ ಗೊತ್ತಾಗುತ್ತದೆ. ಈ ಲೆಕ್ಕ ಚಲಪತಿಯದು, ಡಾಕ್ಟರದ್ದಲ್ಲ. ಕುಂದಾಣದವರಿಗೆ ಅದನ್ನು ಹೇಳಿರಲಿಲ್ಲ. ಸುಳ್ಳೇನೂ ಹೇಳಿಲ್ಲ, ಅವರು ಕೇಳಲಿಲ್ಲ, ನಾನು ಹೇಳಲಿಲ್ಲ, ಅಷ್ಟೆ ಎಂದು ತನಗೆ ತಾನೇ ದಿನಕ್ಕೊಂದು ಸಲ ಹೇಳಿಕೊಳ್ಳುತ್ತಿದ್ದ. ಅವರು ಬಂದ ದಿನ ಗೇಟಿನ ಸದ್ದಾಗುವ ಮುಂಚೆಯೇ ಮಗಳನ್ನು ಹಾಲಿನ ಕುರ್ಚಿಯಲ್ಲಿ ಕೂರಿಸಿಬಿಟ್ಟಿದ್ದ. ಕಾಫಿ ತಟ್ಟೆ ಹಿಡಿದು ಬಂದವಳು ಹೆಂಡತಿ ಮಮತ. ‘ಹುಡುಗಿ ಕೈಲಿ ಕೊಡಿಸಬೇಕಲ್ವೇನ್ರಿ’ ಎಂದು ಅವಳು ಅಡುಗೆಮನೆಯಲ್ಲಿ ಪಿಸುಗುಟ್ಟಿದಾಗ, ‘ಈಗಿನ ಕಾಲದಲ್ಲಿ ಅದನ್ನೆಲ್ಲ ಯಾರೇ ನೋಡ್ತಾರೆ’ ಎಂದು ಇದ್ದಕ್ಕಿದ್ದಂತೆ ಸುಧಾರಕನಾಗಿಬಿಟ್ಟಿದ್ದ. ಹುಡುಗನ ತಾಯಿ ರುಕ್ಮಿಣಮ್ಮ ಮೊದಲು ಕಾಫಿ ಕೊಟ್ಟ ಕೈಯನ್ನು ನೋಡಿದರು, ಆಮೇಲೆ ಕೂತವಳ ಸೀರೆಯ ಅಂಚನ್ನು. ಆ ನೋಟ ಅವನಿಗೆ ಚೆನ್ನಾಗಿ ಗೊತ್ತಿತ್ತು. ಅವನ ಸೋದರತ್ತೆ ಪಿಳ್ಳಮ್ಮ, ಸತ್ತು ಇಪ್ಪತ್ತು ವರ್ಷವಾಯಿತು, ಹೆಣ್ಣು ನೋಡಲು ಹೋದ ಮನೆಯಲ್ಲೆಲ್ಲ ಕಾಫಿಗೆ ಮುಂಚೆ ನೀರು ಕೇಳುತ್ತಿದ್ದಳು. ‘ಹಿತ್ಲು ತೊಟ್ಟಿ ನೀರು ತಂಪಾಗಿರ್ತದೆ, ಅದನ್ನೇ ಒಂದು ಚೊಂಬು ತಾಮ್ಮ.’ ಹುಡುಗಿ ಹಿತ್ತಲಿಗೆ ಹೋಗಿ ಬರುವಷ್ಟರಲ್ಲಿ ಅತ್ತೆಗೆ ಬೇಕಾದ್ದು ಸಿಕ್ಕಿರುತ್ತಿತ್ತು, ನೀರನ್ನು ಮುಟ್ಟುತ್ತಲೂ ಇರಲಿಲ್ಲ. ಜಡಿಗೇನಹಳ್ಳಿಯ ಒಂದು ಮನೆಯಿಂದ ಹೊರಗೆ ಬಂದು ಚಪ್ಪಲಿ ಮೆಟ್ಟುತ್ತ, ಒಳಗಿನವರಿಗೆ ಕೇಳುವ ಹಾಗೆ, ‘ಕಾಲು ಎಳೀತದೆ, ಬುಡ್ರಪ್ಪ ಅತ್ಲಾಗೆ’ ಅಂದಿದ್ದಳು. ಆ ಹೆಣ್ಣನ್ನು ನೋಡಲು ಹೋಗಿದ್ದ ಗಂಡು ಇವನೇ. ಅತ್ತೆಯ ಹಿಂದೆ ತಲೆ ತಗ್ಗಿಸಿಕೊಂಡು ಬಸ್‌ಸ್ಟಾಪಿನ ತನಕ ನಡೆದು ಬಂದಿದ್ದ. ಬಾಗಿಲಲ್ಲಿ ನಿಂತಿದ್ದ ಆ ಹುಡುಗಿಯ ಮುಖ ನೆನಪಿಲ್ಲ, ಚೊಂಬಿನಿಂದ ತುಳುಕಿ ಅವಳ ಪಾದದ ಮೇಲೆ ಬಿದ್ದ ನೀರು ನೆನಪಿದೆ. ಚೊಂಬಿನ ಕಾಲ ಹೋಗಿ ಫಾಲ್ಸಿನ ಕಾಲ ಬಂದಿದೆ. ಅಷ್ಟೇ ವ್ಯತ್ಯಾಸ.

ಹಾಗಾದರೆ ಅವರ ಕಿವಿಗೆ ಹಾಕಿದವರು ಯಾರು? ಸಂಬಂಧ ತಂದ ಪಿಳ್ಳಣ್ಣನಿಗೆ ಕಾಲಿನ ವಿಷಯ ಗೊತ್ತಿಲ್ಲ. ಎದುರುಮನೆ ಅನಸೂಯಮ್ಮನಿಗೆ ಗೊತ್ತು. ಆಸ್ಪತ್ರೆಗೆ ತಿಂಗಳುಗಟ್ಟಲೆ ಗಂಜಿ ಹೊತ್ತು ತಂದ ಪುಣ್ಯಾತ್ಗಿತ್ತಿ ಅವಳು, ಆದರೆ ಬಾಯಿ ಬೊಂಬಾಯಿ. ನಿನ್ನೆ ಗೇಟಿನ ಹತ್ತಿರ ‘ಏನಣ್ಣ, ಕುಂದಾಣದೋರು ಆಮೇಲೆ ಬರಲೇ ಇಲ್ವಲ್ಲ’ ಅಂದಳು. ಕೇಳುವ ರೀತಿಯೇ ಅದು? ಸ್ಟೋರಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುವ ಕೆಂಪರಾಜನ ಊರೂ ಕುಂದಾಣದ ಕಡೆಯೇ. ಭಾನುವಾರ ಬಂದರೆ ಬ್ಯಾಗು ಬೆನ್ನಿಗೇರಿಸಿ ಯಾವುದೋ ಬೆಟ್ಟಕ್ಕೆ ಹೋಗುವ ಆಸಾಮಿ. ಅವನನ್ನು ಕರೆದು, ಮುಖದಲ್ಲೇನಾದರೂ ಬದಲಾಗುತ್ತದೋ ಎಂದು ನೋಡುತ್ತ, ‘ಮಾಡರೇಟ್ ಅಂದ್ರೆ ಎಷ್ಟಪ್ಪಾ?’ ಎಂದು ಕೇಳಿದ. ‘ಯಾವುದ್ರಲ್ಲಿ ಸಾರ್, ಖಾರದಲ್ಲಾ?’ ‘ಅಲ್ಲಯ್ಯ, ಬೆಟ್ಟ ಹತ್ತೋದ್ರಲ್ಲಿ.’ ‘ಓ, ಅದಾ. ಈಸಿ ಅಂದ್ರೆ ನಮ್ಮಜ್ಜಿನೂ ಹತ್ತುತ್ತೆ. ಡಿಫಿಕಲ್ಟ್ ಅಂದ್ರೆ ನಾನೂ ಹತ್ತಲ್ಲ. ಮಾಡರೇಟ್ ಅಂದ್ರೆ ಕಾಲು ಸರಿಯಾಗಿದ್ರೆ ಸಾಕು.’ ಇಷ್ಟು ಹೇಳಿ ನಿಲ್ಲಿಸಬಹುದಿತ್ತು. ‘ನಿಮಗ್ಯಾಕೆ ಸಾರ್ ಈ ವಯಸ್ಸಲ್ಲಿ? ಮೇಲಿನ ಆಫೀಸಿನ ಮೆಟ್ಲು ಹತ್ತಿದ್ರೇ ಏದುಸಿರು ಬಿಡ್ತೀರ’ ಅಂದ. ಲೋಡಿಂಗಿನವರು ನಕ್ಕರು. ಚಲಪತಿಯೂ ನಕ್ಕ. ಕಾಲು ಅಂತ ಯಾಕೆ ಅಂದ, ದಮ್ಮು ಅನ್ನಬಹುದಿತ್ತು, ತಾಕತ್ತು ಅನ್ನಬಹುದಿತ್ತು ಎಂದು ಯೋಚಿಸುತ್ತ ಎರಡು ಚಲನ್‌ಗೆ ಸೀಲನ್ನು ತಲೆಕೆಳಗಾಗಿ ಒತ್ತಿದ.

ಸಂಜೆ ಮನೆಯಲ್ಲಿ ಟಿವಿ ಹಾಕಿಕೊಂಡು ಕೂತಾಗ ಮೆಟ್ಟಿಲ ಮೇಲೆ ನವ್ಯಳ ಹೆಜ್ಜೆ ಕೇಳಿತು. ಒಂದು ಗಟ್ಟಿ, ಒಂದು ಅರ್ಧ, ಮತ್ತೆ ಒಂದು ಗಟ್ಟಿ. ಅವಳು ಬಾಗಿಲು ದಾಟುವಾಗ ಅವನು ಕಣ್ಣನ್ನು ಟಿವಿಯಿಂದ ತೆಗೆಯಲಿಲ್ಲ, ಯಾವತ್ತೂ ತೆಗೆಯುವುದಿಲ್ಲ. ಕೈಯಲ್ಲಿ ಶೂ ಡಬ್ಬ ಇತ್ತು. ಕೆಲಸ ಮಾಡುವ ಲ್ಯಾಬಿನಿಂದ ಬರುತ್ತ ತಂದಳಂತೆ. ಕೂತು ಲೇಸು ಪೋಣಿಸಲು ಶುರು ಮಾಡಿದಳು. ‘ಭಾನುವಾರ ನಿನಗೆ ಲ್ಯಾಬ್ ಇರುತ್ತಲ್ಲಮ್ಮ?’ ‘ರಜೆ ಹೇಳಿದೀನಿ.’ ‘ಮಳೆ ನಿಂತು ಹದಿನೈದು ದಿನ ಆಯ್ತು. ಆ ಫಾಲ್ಸಲ್ಲಿ ಈಗ ನೀರೇ ಇರಲ್ಲ.’ ‘ಇರುತ್ತಪ್ಪ.’ ‘ಅದಲ್ಲ, ಎಲ್ಲಾರೂ ಹೋಗೋದಾದ್ರೆ ಘಾಟಿ ದೇವಸ್ಥಾನಕ್ಕೇ ಹೋಗಬಹುದಲ್ಲ. ಬಾಗಿಲ ತನಕ ಗಾಡಿ ಹೋಗುತ್ತೆ, ದೇವರು ನೋಡಿದಂಗೂ ಆಯ್ತು.’ ಲೇಸು ಎಳೆದು ಗಂಟು ಹಾಕಿ, ‘ನಾನು ನಡೀತೀನಪ್ಪ’ ಅಂದಳು. ಕೋಪವಿಲ್ಲ, ಹಠವಿಲ್ಲ, ಉಪ್ಪು ಕೊಡು ಅಂದ ಹಾಗೆ ಅಂದಳು. ಆ ಮಾತನ್ನು ತಿರುಗಿಸಿ ಮುರುಗಿಸಿ ನೋಡಿದ. ಇವಳಿಗೆ ಇದು ಪರೀಕ್ಷೆ ಅಂತ ಗೊತ್ತಾಗುತ್ತಿಲ್ಲವಲ್ಲ, ಹುಚ್ಚುಹುಡುಗಿ, ಎಲ್ಲರ ಮುಂದೆ ನಡೆದು ತೋರಿಸಿ ಸಿಕ್ಕಿದ ಸಂಬಂಧವನ್ನು ಕಳೆದುಕೊಳ್ಳುತ್ತಾಳೆ. ಈಗಾಗಲೇ ಎರಡು ಕಡೆಯವರು ಕಾಲಿನ ವಿಷಯ ಕೇಳಿ, ‘ತಿಳಿಸ್ತೀವಿ’ ಅಂತ ಹೋದವರು ತಿಳಿಸಿಲ್ಲ. ಆಗೆಲ್ಲ ಅವಳು ಒಂದು ದಿನ ಊಟ ಬಿಡುತ್ತಿದ್ದಳು, ಮಾರನೇ ದಿನ ಲ್ಯಾಬಿಗೆ ಹೋಗುತ್ತಿದ್ದಳು. ಮೂರನೆಯದು ಇದು.

ಎಂಟು ವರ್ಷದ ಹಿಂದೆ, ಪಿಯುಸಿ ಟ್ಯೂಷನ್ನಿನಿಂದ ಅವಳನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬರುತ್ತಿದ್ದ. ಕಿವಿಗೂ ಭುಜಕ್ಕೂ ನಡುವೆ ಫೋನು. ಆ ಕಡೆ ಸೂಪರ್‌ವೈಸರ್ ದೇವೇಂದ್ರ, ಈ ಕಡೆ ಇವನು, ಯಾವುದೋ ಕಾಣೆಯಾದ ಬಾಕ್ಸುಗಳ ಜಗಳ. ‘ಅಪ್ಪ, ಟೆಂಪೋ’ ಅಂದಳು. ಎರಡು ಸಲ ಅಂದಳು. ಇವನು ದೇವೇಂದ್ರನಿಗೆ ‘ಒಂದ್ನಿಮಿಷ ಕೇಳ್ರೀ ನನ್ ಮಾತು’ ಅನ್ನುತ್ತಿದ್ದ. ಟೆಂಪೋ ಗುದ್ದಿತು. ಚಲಪತಿಗೆ ಮೊಣಕೈ ತರಚಿತ್ತು, ಅಷ್ಟೆ. ಆಸ್ಪತ್ರೆಗೆ ಮಮತ ಓಡಿ ಬಂದಾಗ ಬಾಯಿಂದ ತಾನಾಗಿ ಬಂದದ್ದು, ‘ನಾಯಿ ಅಡ್ಡ ಬಂತು ಕಣೆ.’ ಸಂಜೆಯ ಹೊತ್ತಿಗೆ ನಾಯಿಗೆ ಕರಿ ಬಣ್ಣ ಬಂದಿತ್ತು. ವರ್ಷ ಕಳೆದ ಮೇಲೆ, ಕಣ್ಣು ಮುಚ್ಚಿದರೆ ಅವನಿಗೇ ಅದು ಎಡಗಡೆಯಿಂದ ಓಡಿ ಬರುವುದು ಕಾಣುತ್ತಿತ್ತು. ಬೇರೆಯವರಿಗೆಲ್ಲ ಹೇಳುವಾಗ ನವ್ಯ ಪಕ್ಕದ ಮಂಚದಲ್ಲಿ ಮಲಗಿ ಫ್ಯಾನು ನೋಡುತ್ತಿದ್ದಳು. ಆಗಲೂ ಏನೂ ಅನ್ನಲಿಲ್ಲ, ಆಮೇಲೂ ಅನ್ನಲಿಲ್ಲ. ಮನೆಯಲ್ಲಿ ಅದಕ್ಕೆ ‘ಆಗ’ ಎಂದಷ್ಟೇ ಹೆಸರು. ಅವಳಿಗೆ ನೆನಪಿಲ್ಲವೇನೋ, ಬಿದ್ದ ಪೆಟ್ಟಿನಲ್ಲಿ ಮರೆತಿರಬಹುದು ಎಂದು ಎಷ್ಟೋ ಸಲ ಅಂದುಕೊಂಡಿದ್ದಾನೆ. ಹಾಗೆ ಅಂದುಕೊಂಡಾಗ ನಿದ್ದೆ ಚೆನ್ನಾಗಿ ಬರುತ್ತದೆ, ನಾಚಿಕೆಗೆಟ್ಟ ನಿದ್ದೆ.

ಗುರುವಾರ ‘ಸ್ಟಾಕ್ ಚೆಕಿಂಗ್, ಬೇಗ ಹೋಗಬೇಕು’ ಎಂದು ಮನೆಯಲ್ಲಿ ಹೇಳಿ, ಫ್ಯಾಕ್ಟರಿಗೆ ಹೊಟ್ಟೆನೋವು ಎಂದು ಹೇಳಿ, ಚೀಲದಲ್ಲಿ ಒಂದು ಮಚ್ಚು ಹಾಕಿಕೊಂಡು ಅವನು ಕರಡಿಗುಡ್ಡಕ್ಕೆ ಹೋದ. ದೊಡ್ಡಬಳ್ಳಾಪುರ ದಾಟಿ, ಸಾಲು ಗುಡ್ಡಗಳ ಬುಡದಲ್ಲಿ ಟಾರು ಮುಗಿದ ಕಡೆ ಗಾಡಿ ನಿಲ್ಲಿಸಿ, ದಾರಿ ಹಿಡಿದ. ಕಾಲುದಾರಿಯೇನೋ ಇತ್ತು. ಮೊದಲ ಅರ್ಧ ಮೈಲಿ ಕೆಂಪು ಮಣ್ಣು, ಪರವಾಗಿಲ್ಲ. ಆಮೇಲೆ ಲಂಟಾನದ ಮುಳ್ಳುಪೊದೆ ಎರಡೂ ಕಡೆಯಿಂದ ತಬ್ಬಿಕೊಂಡಿತ್ತು. ಮಚ್ಚಿನಿಂದ ಸವರಿದ. ಹಳ್ಳ ದಾಟುವ ಕಡೆ ಕಲ್ಲುಗಳು ದೂರ ದೂರ ಇದ್ದವು. ಪ್ಯಾಂಟು ಮಡಿಸಿ ನೀರಿಗಿಳಿದು ಎರಡು ಚಪ್ಪಡಿ ಉರುಳಿಸಿ ತಂದು ನಡುವೆ ಕೂರಿಸಿದ. ಅವನ ಉಪಾಯ ಸರಳವಾಗಿತ್ತು. ಮಗಳನ್ನು ಎಲ್ಲರಿಗಿಂತ ಹಿಂದೆ ನಡೆಸುವುದು, ಹತ್ತು ಹೆಜ್ಜೆಗೊಮ್ಮೆ ‘ಇಲ್ಲಿ ಚೆನ್ನಾಗಿದೆ, ನಿಂತ್ಕೊಳ್ಳಿ, ಒಂದು ಫೋಟೋ’ ಅನ್ನುವುದು. ಫೋಟೋಗೆ ನಿಂತವರ ಕಾಲನ್ನು ಯಾರೂ ನೋಡುವುದಿಲ್ಲ. ಮೂರು ಕಿಲೋಮೀಟರಿಗೆ ಎಷ್ಟು ಫೋಟೋ ಆಗುತ್ತದೆ ಎಂದು ಲೆಕ್ಕ ಹಾಕಲು ಹೋಗಿ, ಒಂದು ಬಂಡೆಯ ಮೇಲೆ ಕುಸಿದು ಕೂತು, ಬಾಯಿಬಿಟ್ಟು ಉಸಿರು ಬಿಟ್ಟ. ಸದ್ಯ ಕೆಂಪರಾಜ ಇಲ್ಲಿಲ್ಲ.

‘ಫಾರೆಸ್ಟ್‌ನೋರಾ ಸ್ವಾಮಿ?’ ಎಂದು ಮೇಲಿನಿಂದ ದನಿ ಬಂತು. ಮೇಕೆ ಕಾಯುವ ಮುದುಕ, ಹೆಸರು ಚಿಕ್ಕಬೀರಪ್ಪ ಅಂದ. ‘ಅಲ್ಲ, ಸುಮ್ನೆ ಬಂದೆ.’ ‘ಸುಮ್ನೆ ಬಂದೋರು ದಾರಿ ಸವರ್ತಾರಾ? ಯಾರಾದ್ರೂ ಮಂತ್ರಿ ಬತ್ತಾವ್ರಾ?’ ಚಲಪತಿ ಮಚ್ಚನ್ನು ಚೀಲದೊಳಗೆ ತೂರಿಸಿ, ಇಲ್ಲಿಗೆ ಜನ ಬರುತ್ತಾರಾ ಎಂದು ಕೇಳಿದ. ‘ಮಳೆಗಾಲದಾಗೆ ಬತ್ತಾರೆ. ಈಗ್ಲೀಗ ಒಂದು ಜೋಡಿ ಬತ್ತೈತೆ. ಎರಡು ಸಲ ಬಂದವ್ರೆ. ಹುಡುಗ ಕುಂದಾಣದೋನಂತೆ, ಏರ್‌ಪೋರ್ಟಿನಾಗೆ ಕೆಲ್ಸ. ನಂಗೆ ಬಿಸ್ಕತ್ತು ಕೊಟ್ಟ, ಒಳ್ಳೇ ಹುಡುಗ. ಹುಡುಗಿ ಮುಂದೆ, ಇವ್ನು ಹಿಂದೆ, ಅದೇನ್ ಮಾತೋ ಅದೇನ್ ನಗುವೋ.’ ಚಲಪತಿಗೆ ಕಿವಿ ಬಿಸಿಯಾಯಿತು, ಆಮೇಲೆ ಮೈಯೆಲ್ಲ ಹಗುರವಾಯಿತು. ಹೀಗೋ ಸಮಾಚಾರ. ಇನ್ನೊಂದು ಹುಡುಗಿಯ ಜೊತೆ ಗುಡ್ಡ ಸುತ್ತುತ್ತ ನನ್ನ ಮಗಳ ಕಾಲು ಪರೀಕ್ಷೆ ಮಾಡಲು ಹೊರಟಿದ್ದೀಯಾ. ಕಾಲಿನ ನೆಪ ಹೇಳಿ ಸಂಬಂಧ ಬಿಡಿಸಿಕೊಂಡು ಅವಳನ್ನು ಕಟ್ಟಿಕೊಳ್ಳುವ ಹುನ್ನಾರ. ತಪ್ಪು ಅವರ ಕಡೆ ಸಿಕ್ಕಿತು ಅನ್ನುವುದೇ ಒಂದು ಸಂತೋಷವಾಗಿ, ಮಗಳ ಮದುವೆ ಮುರಿಯುತ್ತದೆ ಅನ್ನುವುದು ಅವನಿಗೆ ಆ ಕ್ಷಣ ಹೊಳೆಯಲೂ ಇಲ್ಲ. ಫಾಲ್ಸಿನ ಸದ್ದು ತಿರುವಿನ ಆಚೆಯೇ ಕೇಳುತ್ತಿತ್ತು. ನೋಡದೆ ಇಳಿದ.

ಕುಂದಾಣ ಮುಟ್ಟುವ ಹೊತ್ತಿಗೆ ಮೂರು ಗಂಟೆ. ದೊಡ್ಡಮುನಿಯಪ್ಪನವರು ದ್ರಾಕ್ಷಿ ಚಪ್ಪರದ ಕೆಳಗೆ ಬಳ್ಳಿ ಕಟ್ಟಿಸುತ್ತಿದ್ದರು. ‘ಏನ್ ಚಲಪತಿಯೋರೆ, ಫೋನೂ ಇಲ್ಲ ಗೀನೂ ಇಲ್ಲ’ ಎಂದು ಕೈ ಒರೆಸಿಕೊಂಡು ಬಂದು, ಇವನ ಮಡಿಸಿದ ಪ್ಯಾಂಟನ್ನೂ ಕೈಮೇಲಿನ ಮುಳ್ಳುಗೀರನ್ನೂ ನೋಡಿ ಏನೂ ಕೇಳದೆ ಜಗಲಿಯ ಮೇಲೆ ಕೂರಿಸಿದರು. ರುಕ್ಮಿಣಮ್ಮ ಮಜ್ಜಿಗೆ ತಂದರು. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳು ಮಜ್ಜಿಗೆ ಕುಡಿದ ಮೇಲೆ ಅಷ್ಟು ಚೂಪಾಗಿ ಬರಲಿಲ್ಲ. ‘ಹೇಳಬಾರದು, ಆದ್ರೂ ಹೇಳ್ತೀನಿ ಯಜಮಾನ್ರೆ. ನಿಮ್ಮ ಹುಡುಗ ಯಾವುದೋ ಹುಡುಗಿ ಜೊತೆ ಕರಡಿಗುಡ್ಡಕ್ಕೆ ಹೋಗ್ತಾನಂತೆ. ನೋಡಿದೋರು ಹೇಳಿದ್ರು. ಎರಡು ಸಲ.’ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೊಡ್ಡಮುನಿಯಪ್ಪ ಹೆಗಲ ಟವೆಲ್ಲು ಬಾಯಿಗಿಟ್ಟುಕೊಂಡು ನಕ್ಕರು. ‘ಯಾವುದೋ ಹುಡುಗಿ ಅಲ್ಲ ಸ್ವಾಮಿ. ನಿಮ್ಮ ಮಗಳೇ.’

ರುಕ್ಮಿಣಮ್ಮ ಕಂಬಕ್ಕೆ ಒರಗಿ ಕೂತು ಹೇಳುತ್ತಾ ಹೋದರು. ನೋಡಿ ಬಂದ ವಾರಕ್ಕೇ ನವ್ಯ ಮನೋಹರನಿಗೆ ಫೋನು ಮಾಡಿದಳಂತೆ. ಕಾಲಿನ ವಿಷಯ ಹೇಳಿದಳಂತೆ, ಎಕ್ಸ್‌ರೇನೂ ಕಳಿಸಿದಳಂತೆ, ‘ಬೇಡ ಅನ್ನೋದಾದ್ರೆ ಈಗ್ಲೇ ಅಂದ್ಬಿಡಿ’ ಅಂದಳಂತೆ. ‘ನಾನು ಅವತ್ತೇ ಅಂದ್ಕೊಂಡೆ, ಹುಡುಗಿ ಎದ್ದೇಳ್ಲಿಲ್ಲವಲ್ಲ ಅಂತ. ನನ್ನೂ ನೋಡೋಕೆ ಬಂದೋರು ಹಿತ್ಲಿಂದ ನೀರು ತರಿಸಿದ್ರು. ಆ ಸಂಕಟ ನಂಗೂ ಗೊತ್ತಣ್ಣ. ಹಂಗಂತ ನಮ್ಮತ್ರ ಮುಚ್ಚಿಡಬೇಕಾ ನೀವು?’ ಚಲಪತಿ ಲೋಟದ ಅಂಚನ್ನು ಉಜ್ಜುತ್ತ ಕೂತ. ಅವಮಾನವಾಗುತ್ತಿತ್ತು, ಯಾರ ಮೇಲೆ ಸಿಟ್ಟು ಮಾಡಬೇಕೋ ತಿಳಿಯುತ್ತಿರಲಿಲ್ಲ. ಮಗಳೂ ಇವರ ಜೊತೆ ಸೇರಿ ನನ್ನನ್ನು ಆಟ ಆಡಿಸಿದಳು. ‘ಮತ್ತೆ ಈ ಭಾನುವಾರದ್ದು?’ ಎಂದ. ‘ಅದೂ ಅವಳದ್ದೇ ಪ್ಲಾನು’ ಎಂದರು ದೊಡ್ಡಮುನಿಯಪ್ಪ. ‘ನಾನು ಅಂದೆ, ಯಾಕಮ್ಮ ಎಲ್ಲಾರ್ನೂ ಗುಡ್ಡ ಹತ್ತಿಸ್ತೀಯ, ಊಟಕ್ಕೆ ಕರೆಯೋಣ ಅಂತ. ಅದಕ್ಕೆ, ನಮ್ಮಪ್ಪ ನಾನು ನಡೆಯೋದನ್ನ ನೋಡಲ್ಲ ಮಾವ, ಮುಖ ತಿರುಗಿಸ್ಕೋತಾರೆ, ಒಂದ್ಸಲ ನೋಡ್ಲಿ ಅಂದ್ಲು.’

ಚಲಪತಿ ಲೋಟ ಕೆಳಗಿಟ್ಟ. ಎದ್ದು ಹೊರಟಿದ್ದರೆ ಚೆನ್ನಾಗಿತ್ತು. ದೊಡ್ಡಮುನಿಯಪ್ಪ ಬಿಡಲಿಲ್ಲ, ಊರ ಯಜಮಾನಿಕೆಯ ಕರುಣೆಯಲ್ಲಿ ಇವನ ಮಂಡಿಯ ಮೇಲೆ ಕೈಯಿಟ್ಟರು. ‘ಹೋಗ್ಲಿ ಬುಡಿ. ಬಸ್ಸಿನಿಂದ ಬಿದ್ರೆ ಮಗು ಏನು ಮಾಡ್ತದೆ, ನೀವೇನ್ ಮಾಡ್ತೀರ. ಆ ಡ್ರೈವರ್ ಮನೆ ಹಾಳಾಗ, ಇಳಿಯೋವಾಗ್ಲೇ ಬಸ್ಸು ಎತ್ಬಿಟ್ನಾ?’ ಬಸ್ಸು. ಚಲಪತಿಗೆ ಒಂದು ಗಳಿಗೆ ಅರ್ಥವಾಗಲಿಲ್ಲ, ಆಮೇಲೆ ಆಯಿತು. ಅವಳು ಕಾಲನ್ನು ಹೇಳಿದ್ದಾಳೆ, ನನ್ನನ್ನು ಹೇಳಿಲ್ಲ. ಈಗ ಹೇಳಬಹುದು ಎಂದು ಅನ್ನಿಸಿತು. ಅನ್ನಿಸುತ್ತಿರುವಾಗಲೇ ನಾಲಗೆ, ಎಂಟು ವರ್ಷದಿಂದ ಪಳಗಿದ ನಾಲಗೆ, ‘ಹೂಂ, ಇಳಿಯೋವಾಗ’ ಎಂದುಬಿಟ್ಟಿತು. ‘ಸಿಕ್ಕಿದ್ನಾ ಅವ್ನು?’ ‘ಇಲ್ಲ. ಸಿಗಲಿಲ್ಲ.’ ರುಕ್ಮಿಣಮ್ಮ ಗಂಡನ ಕಡೆ ನೋಡಿದರು. ಆ ನೋಟದಲ್ಲಿ ಏನಿತ್ತು? ಖಾಲಿ ಲೋಟ ಎತ್ತಿಕೊಂಡು ಒಳಗೆ ಹೋದರು. ನೆಲಮಂಗಲದ ತನಕ ಗಾಡಿ ಓಡಿಸುತ್ತ ಆ ನೋಟವನ್ನೇ ಬಿಚ್ಚಿ ಬಿಚ್ಚಿ ನೋಡಿದ. ಸುಮ್ಮನೆ ನೋಡಿರಬಹುದು. ಹೆಂಡತಿಯರು ಗಂಡಂದಿರನ್ನು ಸುಮ್ಮನೆ ನೋಡುವುದಿಲ್ಲವೇ.

ಮನೆಗೆ ಬಂದಾಗ ದೀಪ ಹಚ್ಚುವ ಹೊತ್ತು. ಮಮತ ಅಂಗಡಿಗೆ ಹೋಗಿದ್ದಳು. ನವ್ಯ ಊಟದ ಟೇಬಲ್ಲಿನಲ್ಲಿ ಕೂತು ಭಾನುವಾರಕ್ಕೆ ಒಯ್ಯಬೇಕಾದ್ದನ್ನು ಹಾಳೆಯ ಮೇಲೆ ಬರೆಯುತ್ತಿದ್ದಳು. ‘ಮನೋಹರ್ ಫೋನ್ ಮಾಡಿದ್ರು, ಕುಂದಾಣಕ್ಕೆ ಹೋಗಿದ್ಯಂತೆ’ ಅಂದಳು, ತಲೆ ಎತ್ತದೆ. ಬೈಯಬೇಕೆಂದು ಬಂದವನು ಎದುರು ಕೂತ. ‘ಬಸ್ಸಿನ ವಿಷಯ ಕೇಳಿದ್ರು.’ ಪೆನ್ನು ನಿಂತಿತು. ‘ಏನಂದೆ?’ ‘ಇಳಿಯೋವಾಗ ಬಿದ್ದಿದ್ದು ಅಂದೆ.’ ಅವಳು ಪೆನ್ನನ್ನು ಹಾಳೆಯ ಮೇಲೆ ಇಟ್ಟಳು. ‘ನಾನು ಹತ್ತೋವಾಗ ಅಂತ ಹೇಳಿದ್ದೆ ಅಪ್ಪ. ಅತ್ತೆ ಎರಡು ಸಲ ಬಿಡಿಸಿ ಕೇಳಿದ್ರು. ಬಲಗಾಲು ಮೆಟ್ಲ ಮೇಲಿತ್ತು, ಎಡಗಾಲು ಇನ್ನೂ ನೆಲದ ಮೇಲೇ ಇತ್ತು ಅಂತೆಲ್ಲ ಹೇಳಿದ್ದೆ.’

ಹಾಗಾದರೆ ಆ ನೋಟ. ಹಾಗಾದರೆ ದೊಡ್ಡಮುನಿಯಪ್ಪ ಕೇಳಿದ್ದು ಮರೆತೋ, ಬೇಕೆಂದೋ? ಈಗ ಆ ಜಗಲಿಯ ಮೇಲೆ ಏನು ಮಾತಾಡುತ್ತಿರಬಹುದು? ಅಪ್ಪ ಒಂದು ಹೇಳುತ್ತಾನೆ, ಮಗಳು ಇನ್ನೊಂದು ಹೇಳುತ್ತಾಳೆ, ಅದೇನು ಮುಚ್ಚಿಡುತ್ತಿದ್ದಾರೋ, ಹುಟ್ಟಿನಿಂದಲೇ ಹಾಗಿದೆಯೋ ಏನೋ. ಸುಳ್ಳಿ ಅಂತ ಹೆಸರು ಬರುವುದು ಅವಳಿಗೆ. ‘ಬಸ್ಸು ಅಂತ ಯಾಕಮ್ಮ ಅಂದೆ, ನಾಯಿ ಅಂತ ಅನ್ನಬಹುದಿತ್ತಲ್ಲ’ ಎಂದು ಕೇಳಿದ, ಕೇಳಿದ ಮೇಲೆ ಅದು ಎಂಥ ಮಾತು ಎಂದು ತಿಳಿಯಿತು. ‘ನಾಯಿ ಇರ್ಲಿಲ್ಲವಲ್ಲಪ್ಪ.’ ‘ಬಸ್ಸೂ ಇರ್ಲಿಲ್ಲ.’ ‘ಬಸ್ಸಲ್ಲಿ ನೀನೂ ಇರ್ಲಿಲ್ಲ’ ಅಂದಳು ನವ್ಯ. ‘ನಾಯಿ ಅಂದಿದ್ರೆ ಗಾಡಿ ಓಡಿಸ್ತಿದ್ದೋರು ಯಾರು ಅಂತ ಕೇಳ್ತಿದ್ರು.’

ಅವನು ಫೋನು ತೆಗೆದ. ಹೇಳಬೇಕಾದ್ದು ಸಿದ್ಧವಾಗಿಯೇ ಇತ್ತು: ಗಾಬರಿಯಲ್ಲಿ ತಪ್ಪು ಹೇಳಿಬಿಟ್ಟೆ ಯಜಮಾನ್ರೆ, ಇಳಿಯೋವಾಗಲ್ಲ, ಹತ್ತೋವಾಗ, ವಯಸ್ಸಾಯ್ತು ನೋಡಿ. ಒಳ್ಳೆಯ ಸುಳ್ಳು, ಯಾರೂ ಏನೂ ಅನ್ನುವುದಿಲ್ಲ, ಭಾನುವಾರ ಆರೂವರೆಗೆ ಎಲ್ಲರೂ ಸೇರಬಹುದು. ನಾಲ್ಕನೇ ರಿಂಗಿಗೆ ದೊಡ್ಡಮುನಿಯಪ್ಪ ಎತ್ತಿಕೊಂಡರು. ತೋಟದಲ್ಲೇ ಇದ್ದರು, ಹಿಂದೆ ಪಂಪಿನ ಸದ್ದು. ‘ಹೇಳಿ ಬೀಗರೇ’ ಅಂದರು. ಇದುವರೆಗೆ ಹಾಗೆ ಕರೆದಿರಲಿಲ್ಲ. ಚಲಪತಿ ಮಗಳನ್ನು ನೋಡಿದ. ಹಾಳೆಯ ಮೇಲೆ ಎರಡೂ ಕೈ ಊರಿಕೊಂಡು ಅವಳು ಕಾಯುತ್ತಿದ್ದಳು, ಯಾವ ಸುಳ್ಳು ಬರುತ್ತದೋ ಅದಕ್ಕೆ ತನ್ನದನ್ನು ಹೊಂದಿಸಿಕೊಳ್ಳಲು ತಯಾರಾಗಿ ಕಾಯುತ್ತಿದ್ದಳು. ಅದನ್ನು ನೋಡಿದ್ದೇ ತಡ, ಸಿದ್ಧ ಮಾಡಿಕೊಂಡಿದ್ದು ಅವನ ಬಾಯಲ್ಲಿ ಉಳಿಯಲಿಲ್ಲ. ‘ಬಸ್ಸಲ್ಲ’ ಅಂದ. ‘ಸ್ಕೂಟರು. ಓಡಿಸ್ತಿದ್ದೋನು ನಾನು. ಫೋನಲ್ಲಿ ಮಾತಾಡ್ತಿದ್ದೆ. ಅವಳು ಟೆಂಪೋ ಅಂದ್ಲು, ಎರಡು ಸಲ ಅಂದ್ಲು, ನಾನು ಕೇಳಿಸ್ಕೊಳ್ಳಲಿಲ್ಲ.’

ಇಷ್ಟು ವರ್ಷದಲ್ಲಿ ಆ ಮಾತನ್ನು ಈ ಮನೆಯ ಗೋಡೆಗಳೂ ಕೇಳಿರಲಿಲ್ಲ. ಅದು ಎಷ್ಟು ಮೆಲ್ಲಗೆ ಬಂದಿತ್ತೆಂದರೆ ಆ ಕಡೆ ಪಂಪಿನ ಸದ್ದಿನಲ್ಲಿ ದೊಡ್ಡಮುನಿಯಪ್ಪ, ‘ಏನಂದ್ರಿ? ಹಲೋ? ಮೋಟ್ರು ಹಾಕಿದೀನಿ, ಏನೂ ಕೇಳ್ತಿಲ್ಲ ಬೀಗರೇ’ ಅನ್ನುತ್ತಿದ್ದರು. ಚಲಪತಿ ಫೋನನ್ನು ಕಿವಿಯಿಂದ ಸ್ವಲ್ಪ ದೂರ ಹಿಡಿದ. ಇಷ್ಟು ಸಾಕು, ಹೇಳಿದ್ದಾಯಿತಲ್ಲ, ಕೇಳಿಸದಿದ್ದರೆ ಅದು ನನ್ನ ತಪ್ಪಲ್ಲ ಎಂಬ ಹಳೆಯ ಹಗುರ ಮತ್ತೆ ಮೈಗೆ ಇಳಿಯುತ್ತಿತ್ತು. ನವ್ಯ ಎದ್ದಳು. ಟೇಬಲ್ಲು ಸುತ್ತಿ ಅವನ ಕಡೆಗೆ ನಡೆದು ಬಂದಳು, ಒಂದು ಗಟ್ಟಿ, ಒಂದು ಅರ್ಧ. ಅವನು ಅವಳಿಂದ ಕಣ್ಣು ತೆಗೆಯಲಿಲ್ಲ. ಅವಳ ಗಲ್ಲ ಒದ್ದೆಯಾಗಿತ್ತು. ಬಂದು ಪಕ್ಕದ ಕುರ್ಚಿ ಎಳೆದು ಕೂತು, ಅವನ ಕೈಯನ್ನು ಫೋನಿನ ಸಮೇತ ಮತ್ತೆ ಕಿವಿಗೆ ಒತ್ತಿ ಹಿಡಿದಳು.

‘ಅವ್ರಿಗೆ ಕೇಳಿಸಿಲ್ಲ ಅಪ್ಪ’ ಅಂದಳು. ‘ಇನ್ನೊಂದ್ಸಲ ಹೇಳು.’